ಅವಳನ್ನು ನೀರಿನಿಂದ ಮೇಲಕ್ಕೆ ಕರೆಯಿರಿ

ಜನವರಿ 9

ಮಗಳ ತಾಯಿಯವರಿಗೆ ನಮಸ್ಕಾರ.

ನಾನು ಯಾರು ಅಂತ ಮೊದಲೇ ಹೇಳಿಬಿಡುತ್ತೇನೆ. ಹತ್ತೊಂಬತ್ತು ವರ್ಷದ ಹಿಂದೆ ದತ್ತು ಕಚೇರಿಯಿಂದ ನೀವು ಎತ್ತಿಕೊಂಡು ಹೋದಿರಲ್ಲ, ಹನ್ನೊಂದು ದಿನದ ಕೂಸು, ಅದನ್ನು ಹೆತ್ತವಳು ನಾನು. ಹೆದರಬೇಡಿ. ವಾಪಸ್ ಕೇಳಲು ಬರೆಯುತ್ತಿಲ್ಲ. ನೋಡಬೇಕು ಅಂತಲೂ ಕೇಳುವುದಿಲ್ಲ. ಒಂದು ವಿಷಯ ನಿಮಗೆ ಮುಟ್ಟಬೇಕು, ಅಷ್ಟೇ.

ನಿಮ್ಮ ಹೆಸರು ಊರು ನನಗೆ ಗೊತ್ತಿಲ್ಲ. ಗೊತ್ತಾಗಬಾರದು ಅಂತಲೇ ನಮ್ಮದು ಮುಚ್ಚಿದ ದತ್ತು. ಅವಳ ಮೊದಲ ಜನನ ಪತ್ರವನ್ನು ಮುಚ್ಚಿ ಮೊಹರು ಹಾಕಿ, ನಿಮ್ಮಿಬ್ಬರ ಹೆಸರಿನಲ್ಲಿ ಹೊಸದು ಮಾಡಿದ್ದಾರೆ ಅಂತ ಕಡತ ನೋಡಿಕೊಳ್ಳುವ ಮೇಡಂ ಹೇಳಿದರು. ರೋಗದ ವಿಷಯ ಇದ್ದರೆ ಮಾತ್ರ ಒಂದು ಪತ್ರ ದಾಟಿಸಬಹುದಂತೆ. ನಾನು ಲಕೋಟೆ ಅಂಟಿಸದೆ ಕೊಡಬೇಕು. ಅವರು ಓದಿ, ಹೆಸರು ಊರು ಬಂದ ಕಡೆಯೆಲ್ಲ ಕಪ್ಪು ಪೆನ್ನು ಎಳೆದು, ಕಡತದಲ್ಲಿರುವ ನಿಮ್ಮ ಕೊನೆಯ ವಿಳಾಸಕ್ಕೆ ಹಾಕುತ್ತಾರೆ. ನಿಮ್ಮ ಉತ್ತರಕ್ಕೂ ಅದೇ ನಿಯಮ. ನೀವು ಉತ್ತರ ಕೊಡದಿದ್ದರೆ, ಪತ್ರ ಸೇರಿತೋ ಇಲ್ಲವೋ ಅಂತಲೂ ಅವರು ನನಗೆ ಹೇಳುವ ಹಾಗಿಲ್ಲ.

ಆಮೇಲೆ ನನಗೆ ಮದುವೆಯಾಯಿತು. ಒಬ್ಬ ಮಗ ಹುಟ್ಟಿದ. ಹದಿನಾರು ತುಂಬಿತ್ತು. ನವೆಂಬರಿನಲ್ಲಿ ತೀರಿಕೊಂಡ. ಜ್ವರವಿಲ್ಲ, ನೋವಿಲ್ಲ, ಕೂತವನು ಹಾಗೇ ಪಕ್ಕಕ್ಕೆ ವಾಲಿದ. ಎದೆ ಬಡಿಯುವುದಕ್ಕೆ ಒಳಗೊಂದು ಕರೆಂಟು ಇರುತ್ತದಂತೆ. ನಮ್ಮ ರಕ್ತದಲ್ಲಿ ಅದು ಪ್ರತಿ ಬಡಿತಕ್ಕೂ ಚೂರು ತಡವಾಗಿ ಸುಧಾರಿಸಿಕೊಳ್ಳುತ್ತದೆ. ಓಡಿದಾಗ, ಈಜಿದಾಗ ಎದೆ ತಾಳ ತಪ್ಪಿ ನಿಂತೇ ಹೋಗಬಹುದು. ಹೊರಗಿನಿಂದ ನೋಡಿದರೆ ಆಳು ಕಲ್ಲುಗುಂಡು. ಅದು ಅವನಿಗೆ ಬಂದದ್ದು ನನ್ನಿಂದ. ನನ್ನ ರಕ್ತವನ್ನೂ ನೋಡಿ ಹೇಳಿದರು. ಅಂದರೆ ಅವಳಿಗೂ ಇರುವ ಸಂಭವ ಅರ್ಧಕ್ಕರ್ಧ.

ಆಸ್ಪತ್ರೆಯಲ್ಲಿ ಕೇಳಿದರು, ಬೇರೆ ಮಕ್ಕಳಿದ್ದಾರಾ ಅಂತ. “ಇಲ್ಲ ಡಾಕ್ಟ್ರೇ, ಇವನೊಬ್ಬನೇ” ಅಂದುಬಿಟ್ಟೆ. ಪಕ್ಕದಲ್ಲಿ ನನ್ನ ಗಂಡ ನಿಂತಿದ್ದರು. ಅವರಿಗೆ ಅವಳ ವಿಷಯ ಗೊತ್ತಿಲ್ಲ. ಇಷ್ಟು ವರ್ಷ ಹೇಳಿ ಹೇಳಿ ರೂಢಿಯಾದ ಮಾತು, ನಾಲಿಗೆಯಿಂದ ತಾನೇ ಜಾರಿತು. ಮನೆಗೆ ಬಂದು ಎರಡು ದಿನ ಆದ ಮೇಲೆ ಅರಿವಾಯಿತು, ನಾನು ಏನು ಹೇಳಿ ಬಂದೆ ಅಂತ. ಒಬ್ಬಳೇ ವಾಪಸ್ ಹೋಗಿ ಡಾಕ್ಟರಿಗೆ ನಿಜ ಹೇಳಿದೆ, ಅವರ ಕಾಲು ಹಿಡಿಯುವುದೊಂದು ಬಾಕಿ.

ದಯವಿಟ್ಟು ಅವಳಿಗೊಂದು ಇಸಿಜಿ ಮಾಡಿಸಿ, ಆಮೇಲೆ ಒಂದು ರಕ್ತ ಪರೀಕ್ಷೆ. ಇದ್ದರೆ ಮಾತ್ರೆ ಇದೆ. ಮಾತ್ರೆ ತಗೊಂಡರೆ ಮುದುಕಿಯಾಗುವ ತನಕ ಬದುಕಬಹುದು.

ಉತ್ತರ ಬರೆದರೆ ಕಚೇರಿಯವರು ನಾನು ಕೆಲಸ ಮಾಡುವ ಲಾಂಡ್ರಿಗೇ ಕಳಿಸುತ್ತಾರೆ. ಮನೆಗಲ್ಲ.

— ಹೆತ್ತವಳು


ಫೆಬ್ರವರಿ 20

ಮಾನ್ಯರೆ,

ತಮ್ಮ ಪತ್ರ ತಲುಪಿದೆ. ತಮ್ಮ ಪುತ್ರನ ನಿಧನಕ್ಕೆ ನನ್ನ ಸಂತಾಪಗಳು.

ನಮ್ಮ ಮಗಳು ಸಂಪೂರ್ಣ ಆರೋಗ್ಯವಾಗಿದ್ದಾಳೆ. ನಮ್ಮ ಕುಟುಂಬ ವೈದ್ಯರು ಕಳೆದ ಶನಿವಾರ ಸ್ಟೆತಸ್ಕೋಪ್ ಇಟ್ಟು ಪರೀಕ್ಷಿಸಿ, ಹೃದಯದಲ್ಲಿ ಯಾವ ದೋಷವೂ ಇಲ್ಲವೆಂದು ತಿಳಿಸಿದ್ದಾರೆ. ಅವಳು ದಿನವೂ ಬೆಳಿಗ್ಗೆ █████████ ಈಜುಕೊಳದಲ್ಲಿ ಎರಡು ಗಂಟೆ ಅಭ್ಯಾಸ ಮಾಡುತ್ತಾಳೆ. ಹೋದ ತಿಂಗಳ ಸ್ಪರ್ಧೆಯಲ್ಲಿ ಇನ್ನೂರು ಮೀಟರಿನಲ್ಲಿ ಎರಡನೆಯವಳಾಗಿ ಬಂದಳು. ಹೃದಯದಲ್ಲಿ ತೊಂದರೆ ಇರುವವರಿಗೆ ಇದು ಸಾಧ್ಯವೇ ಎಂಬುದನ್ನು ತಾವೇ ಯೋಚಿಸಬಹುದು. ██████████ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿ ಮಕ್ಕಳ ಆರೋಗ್ಯದ ವಿಚಾರದಲ್ಲಿ ನನಗೆ ಸಾಕಷ್ಟು ಅನುಭವವಿದೆ.

ದತ್ತು ಪಡೆಯುವಾಗ ಎರಡೂ ಕಡೆಯವರ ಗುರುತು ಗೋಪ್ಯವಾಗಿರುತ್ತದೆಂದು ನಮಗೆ ಮಾತು ಕೊಡಲಾಗಿತ್ತು. ತಾವೂ ಸಹಿ ಮಾಡಿದ್ದೀರಿ. ಇದೇ ಕೊನೆಯ ಪತ್ರವಾಗಲಿ ಎಂದು ಕೋರುತ್ತೇನೆ.

— ಅವಳ ತಾಯಿ


ಫೆಬ್ರವರಿ 25

ಅಮ್ಮಾ,

ಈಜುತ್ತಾಳಾ? ಅಯ್ಯೋ, ದಿನಾ ಎರಡು ಗಂಟೆ ಈಜುತ್ತಾಳಾ?

ನಿಮ್ಮ ಪತ್ರವನ್ನು ಇಸ್ತ್ರಿ ಕೋಣೆಯಲ್ಲಿ ನಿಂತು ಓದಿದೆ. ಹಾಸಿಗೆ ಹೊದಿಕೆ ಮಡಿಸಲು ಆ ಕಡೆ ತುದಿ ಹಿಡಿದು ನಿಂತಿದ್ದವಳು, ಏನಾಯ್ತೇ, ಯಾರು ಹೋದರು ಅಂತ ಕೇಳಿದಳು. ಇನ್ನೂ ಯಾರೂ ಹೋಗಿಲ್ಲ ಅಂದೆ.

ಸ್ಟೆತಸ್ಕೋಪಿಗೆ ಇದು ಕೇಳಿಸುವುದಿಲ್ಲ ಅಮ್ಮಾ. ನನ್ನ ಮಗನ ಎದೆಗೂ ಶಾಲೆಯಲ್ಲಿ ಪ್ರತಿ ವರ್ಷ ಅದನ್ನು ಇಡುತ್ತಿದ್ದರು. ಪ್ರತಿ ವರ್ಷ ಗಟ್ಟಿಮುಟ್ಟು ಅಂತಲೇ ಬರೆದರು. ಮೈಮೇಲೆ ವೈರು ಅಂಟಿಸಿ ಕಾಗದದ ಮೇಲೆ ಗೆರೆ ತೆಗೆಯುತ್ತಾರಲ್ಲ, ಆ ಗೆರೆಯಲ್ಲಿ ಕಾಣಬೇಕು, ಅದೂ ಹೃದಯದ ಡಾಕ್ಟರ ಕಣ್ಣಿಗೆ. ಒಂದೊಂದು ಸಲ ಗೆರೆಯಲ್ಲೂ ಅಡಗಿರುತ್ತದಂತೆ. ಅದಕ್ಕೇ ರಕ್ತವನ್ನೂ ನೋಡಬೇಕು.

ಒಂದು ಮಾತು ಕೇಳುತ್ತೇನೆ. ಅವಳು ಯಾವತ್ತಾದರೂ ತಲೆ ತಿರುಗಿ ಬಿದ್ದಿದ್ದಾಳಾ? ನಮ್ಮವನು ಹನ್ನೆರಡನೇ ವಯಸ್ಸಿನಲ್ಲಿ ಒಮ್ಮೆ ಆಟದ ಬಯಲಲ್ಲಿ ಬಿದ್ದಿದ್ದ. ಖಾಲಿ ಹೊಟ್ಟೆ ಅಂದುಕೊಂಡೆವು. ತಿಂಡಿ ತಿನ್ನದೆ ಹೋಗ್ತೀಯ ಅಂತ ನಾನೇ ಬೈದೆ. ಆ ಬೈಗುಳ ಈಗ ನನ್ನನ್ನು ತಿನ್ನುತ್ತಿದೆ.

ಪರೀಕ್ಷೆ ಆಗುವ ತನಕ ಅವಳನ್ನು ನೀರಿನಿಂದ ಮೇಲಕ್ಕೆ ಕರೆಯಿರಿ. ಫಲಿತಾಂಶ ನನಗೆ ತಿಳಿಸುವುದೂ ಬೇಡ. ಮಾಡಿಸಿದೆ ಅಂತ ಒಂದು ಪದ ಬರೆದರೆ ಸಾಕು.

— ಹೆತ್ತವಳು


ಮಾರ್ಚ್ 17

ಅಮ್ಮಾ,

ಇಪ್ಪತ್ತು ದಿನವಾಯಿತು. ಇವತ್ತು ಕಚೇರಿಗೆ ಹೋಗಿದ್ದೆ. ಮೇಡಂ ಕಡತ ತೆಗೆದು, ಓದಿ, ಮುಚ್ಚಿ, ಏನೂ ಹೇಳುವ ಹಾಗಿಲ್ಲ ಅಂದರು. ಪತ್ರ ವಾಪಸ್ ಬಂದಿದೆಯಾ ಅಂದೆ. ಅದನ್ನೂ ಹೇಳುವ ಹಾಗಿಲ್ಲವಂತೆ. ಅವಳು ಬದುಕಿದ್ದಾಳಾ ಅಂದೆ. ಅವರು ಎದ್ದು ನನಗೊಂದು ಲೋಟ ನೀರು ತಂದುಕೊಟ್ಟರು. ಅದರ ಅರ್ಥ ಏನು ಅಂತ ದಾರಿಯುದ್ದಕ್ಕೂ ತಲೆ ಕೆಡಿಸಿಕೊಂಡೆ.

— ಹೆತ್ತವಳು


ಏಪ್ರಿಲ್ 3

ಮಾಡಿಸಿದ್ದೀರಾ?


ಏಪ್ರಿಲ್ 11

ಮುಖ್ಯೋಪಾಧ್ಯಾಯಿನಿ ಅಮ್ಮನವರಿಗೆ,

ಈ ಪತ್ರ ಕಚೇರಿಯ ಮೂಲಕ ಬಂದಿಲ್ಲ. ನೇರವಾಗಿ ನಿಮ್ಮ ಶಾಲೆಗೇ ಬಂದಿದೆ. ಲಾಂಡ್ರಿಯ ವಿಳಾಸ, ಫೋನ್ ನಂಬರು ಒಂದು ಚೀಟಿಯಲ್ಲಿ ಬರೆದು ಇದರ ಜೊತೆ ಇಟ್ಟಿದ್ದೇನೆ. ಲಕೋಟೆಯ ಮೇಲೆ ಶಾಲೆಯ ಹೆಸರು ನೋಡಿ ನಿಮ್ಮ ಜೀವ ಹಾರಿರುತ್ತದೆ. ಕ್ಷಮಿಸಿ ಅನ್ನುವುದಕ್ಕೂ ನನಗೆ ಮುಖವಿಲ್ಲ.

ಲಾಂಡ್ರಿಯಲ್ಲಿ ನಾನು ಕಲೆ ತೆಗೆಯುವ ಮೇಜಿನವಳು. ಎಣ್ಣೆ, ರಕ್ತ, ತುಟಿಯ ಬಣ್ಣ, ಜೇಬಿನಲ್ಲಿ ಒಡೆದ ಪೆನ್ನು, ಎಲ್ಲ ನನ್ನ ಹತ್ತಿರವೇ ಬರುತ್ತವೆ. ನಿಮ್ಮ ಪತ್ರ ಪ್ರಿಂಟರಿನಲ್ಲಿ ತೆಗೆದದ್ದು. ಆ ಅಕ್ಷರ ಸ್ಪಿರಿಟ್ಟಿಗೆ ಜಗ್ಗುವುದಿಲ್ಲ. ಮೇಡಂ ಎಳೆದ ಕಪ್ಪು ಪೆನ್ನು ಜಗ್ಗುತ್ತದೆ. ಉಜ್ಜಬಾರದು, ಉಜ್ಜಿದರೆ ಹರಡುತ್ತದೆ. ಹತ್ತಿ ಅದ್ದಿ ಮೇಲಿಂದ ಒತ್ತಿ ಒತ್ತಿ ತೆಗೆಯಬೇಕು. ಫೆಬ್ರವರಿಯಿಂದ ಆ ಕಾಗದ ನನ್ನ ಮೇಜಿನ ಖಾನೆಯಲ್ಲಿತ್ತು. ಮುಟ್ಟಿರಲಿಲ್ಲ. ಕೊಟ್ಟ ಮಾತು ಕೊಟ್ಟ ಮಾತೇ ಅಂದುಕೊಂಡಿದ್ದೆ. ನಿನ್ನೆ ಊಟದ ಹೊತ್ತಿಗೆ ಎಲ್ಲರೂ ಹೊರಗೆ ಹೋದ ಮೇಲೆ ಎರಡೂ ಪಟ್ಟಿ ತೆಗೆದೆ. ಈಗ ಈಜುಕೊಳದ ಹೆಸರೂ ಗೊತ್ತು, ಶಾಲೆಯ ಹೆಸರೂ ಗೊತ್ತು. ತಪ್ಪು ನನ್ನದು. ಆ ಮೇಡಂ ಕೆಲಸಕ್ಕೆ ಕುತ್ತು ತರಬೇಡಿ.

ನಾನು ಬರುವುದಿಲ್ಲ. ನನ್ನ ಮಗನಾಣೆ, ಬರುವುದಿಲ್ಲ.

ಮೊದಲು ನೀವು ಕಲ್ಲೆದೆಯವರು ಅಂದುಕೊಂಡು ಬಾಯಿಗೆ ಬಂದ ಹಾಗೆ ಬೈದೆ, ಬಟ್ಟೆಗಳಿಗೆ ಕೇಳಿಸುವ ಹಾಗೆ. ಆಮೇಲೆ ಯೋಚನೆ ಬಂತು. ಹೃದಯದ ಡಾಕ್ಟರ ಹತ್ತಿರ ಕರಕೊಂಡು ಹೋದರೆ ಅವಳು ಯಾಕೆ ಅಂತ ಕೇಳುತ್ತಾಳೆ. ಕೇಳಿದರೆ ನೀವು ಹೇಳಬೇಕು. ನೀವು ಅವಳಿಗೆ ಹೇಳಿಯೇ ಇಲ್ಲ, ಅಲ್ಲವೇ? ಅವಳು ನಿಮ್ಮ ಹೊಟ್ಟೆಯಲ್ಲೇ ಹುಟ್ಟಿದವಳು ಅಂದುಕೊಂಡಿದ್ದಾಳೆ. ನಾನು ಯಾವ ಬಾಯಲ್ಲಿ ನಿಮ್ಮನ್ನು ಅನ್ನಲಿ? ನಾನೂ ಮನೆಯಲ್ಲಿ ಹೇಳಿದವಳಲ್ಲ.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅಂಥ ದಾರಿ ಒಂದೇ ಇದೆ. ನನ್ನ ಮಗನನ್ನು ನೀವು ತೆಗೆದುಕೊಳ್ಳಿ. ನಿಮಗೊಬ್ಬಳು ತಂಗಿ ಇದ್ದಳು, ಮಾತು ಬಿಟ್ಟು ದೂರ ಹೋದಳು, ಅವಳ ಮಗ ಹೀಗೆ ತೀರಿಕೊಂಡ, ಇದು ನಮ್ಮ ವಂಶದಲ್ಲಿ ಬರುವ ಕಾಯಿಲೆ, ನೀನೂ ತೋರಿಸಿಕೊಳ್ಳಬೇಕು ಅಂತ ಹೇಳಿ. ನಿಜವನ್ನು ಡಾಕ್ಟರಿಗೆ ಮಾತ್ರ ಗುಟ್ಟಾಗಿ ತಿಳಿಸಿ. ಅವನ ರಕ್ತದ ವರದಿಯ ಪ್ರತಿ ಇದರಲ್ಲೇ ಇಟ್ಟಿದ್ದೇನೆ. ರಕ್ತದಲ್ಲಿ ಯಾವ ಜಾಗದಲ್ಲಿ ಹುಡುಕಬೇಕು ಅಂತ ಅದರಲ್ಲಿದೆ. ಹೆಸರು ಇದ್ದ ಕಡೆ ಕತ್ತರಿಯಲ್ಲಿ ಕತ್ತರಿಸಿದ್ದೇನೆ. ಅವನು ಇನ್ನು ನಿಮ್ಮ ತಂಗಿಯ ಮಗ. ನಾನು ಯಾವತ್ತೂ ನನ್ನವನು ಅಂತ ಅವಳ ಮುಂದೆ ಬಂದು ನಿಲ್ಲುವುದಿಲ್ಲ.

ಅವಳನ್ನು ಕೊಡುವಾಗ ನನಗೆ ಹದಿನೆಂಟು. ಬೇರೆ ದಾರಿ ಇರಲಿಲ್ಲ. ಇವನನ್ನು ಕೊಡುವಾಗಲೂ ಬೇರೆ ದಾರಿ ಇಲ್ಲ.

— ಹೆತ್ತವಳು


ಏಪ್ರಿಲ್ 19

ಇದನ್ನು ಕೈಯಲ್ಲೇ ಬರೆಯುತ್ತಿದ್ದೇನೆ. ಶಾಲೆಯ ಪ್ರಿಂಟರಿನ ಹತ್ತಿರ ಯಾವಾಗಲೂ ಯಾರಾದರೂ ಇರುತ್ತಾರೆ.

ನೀವು ಮಾಡಿದ್ದು ದೊಡ್ಡ ತಪ್ಪು. ಹಾಜರಿ ಪುಸ್ತಕಗಳ ಜೊತೆ ನಿಮ್ಮ ಲಕೋಟೆಯನ್ನು ಜವಾನ ಮೇಜಿನ ಮೇಲೆ ಇಟ್ಟು ಹೋದಾಗ, ಓದುವ ಮೊದಲೇ ನನಗೆ ಗೊತ್ತಾಯಿತು. ಬಾಗಿಲಿಗೆ ಚಿಲಕ ಹಾಕಿಕೊಂಡೆ. ದೂರು ಬರೆಯಲು ಕೂತು ಎರಡು ಪುಟ ಬರೆದೆ. ಹರಿದು ಹಾಕಿದೆ. ಸುಳ್ಳು ಹೇಳಬೇಡಿ ಎಂದು ದಿನಾ ಬೆಳಿಗ್ಗೆ ಮಕ್ಕಳಿಗೆ ಮೈಕಿನಲ್ಲಿ ಹೇಳುವವಳು ನಾನು.

ಯಾವ ಶನಿವಾರವೂ ಯಾವ ವೈದ್ಯರೂ ಅವಳನ್ನು ಪರೀಕ್ಷಿಸಲಿಲ್ಲ.

ಅವಳು ಬಿದ್ದಿದ್ದಾಳೆ. ಹೋದ ಸೆಪ್ಟೆಂಬರಿನಲ್ಲಿ, ನೀರಿನಲ್ಲೇ. ತರಬೇತುದಾರ ಧುಮುಕಿ ಎಳೆದುಕೊಂಡು ಬಂದ. ಒಂದು ನಿಮಿಷದಲ್ಲಿ ಎದ್ದು ಕೂತು, ತಿಂಡಿ ತಿಂದಿರಲಿಲ್ಲ ಅಮ್ಮ ಎಂದಳು. ನಾನೂ ಬೈದೆ. ನಿಮ್ಮ ಫೆಬ್ರವರಿಯ ಪತ್ರದಲ್ಲಿ ಅದೇ ಮಾತನ್ನು ಓದಿದ ಮೇಲೆ ಆ ಪತ್ರವನ್ನು ಮತ್ತೆ ತೆರೆಯಲಾಗಲಿಲ್ಲ. ನಿಮ್ಮ ಮುಂದಿನ ಲಕೋಟೆಗಳನ್ನು ಒಡೆಯದೆ ಬೀರುವಿನಲ್ಲಿಟ್ಟೆ.

ಹತ್ತು ವರ್ಷಕ್ಕೆ ಹೇಳೋಣ ಎಂದಿದ್ದರು ನಮ್ಮ ಯಜಮಾನರು. ಹತ್ತಾಯಿತು, ಹದಿನೈದಕ್ಕೆ ಎಂದರು. ಹದಿನೈದಾದ ವರ್ಷ ಅವರೇ ಹೋದರು. ಅಪ್ಪನ ಶವದ ಮುಂದೆ ಕೂತ ಹುಡುಗಿಗೆ, ಅವರು ನಿನ್ನ ಅಪ್ಪ ಅಲ್ಲ ಎಂದು ಹೇಗೆ ಹೇಳಲಿ? ಅದಾದ ಮೇಲೆ ಅವಳಿಗೆ ನಾನೊಬ್ಬಳೇ, ನನಗೆ ಅವಳೊಬ್ಬಳೇ. ನಾನೂ ನಿನ್ನವಳಲ್ಲ ಎಂದರೆ ಅವಳಿಗೆ ಉಳಿಯುವುದು ಏನು?

ನೀವು ಹೇಳಿದ ಆ ಸುಳ್ಳನ್ನು ಹೇಳಲು ಎರಡು ಸಲ ಅವಳ ಕೋಣೆಯ ಬಾಗಿಲ ತನಕ ಹೋದೆ. ಇನ್ನೊಬ್ಬಳ ಸತ್ತ ಮಗನನ್ನು ಹಿಡಿದುಕೊಂಡು ನಿಂತ ಹಾಗಾಯಿತು. ತಿರುಗಿ ಬಂದೆ. ಇಪ್ಪತ್ತೆಂಟರಂದು ಅವಳಿಗೆ ದೊಡ್ಡ ಸ್ಪರ್ಧೆ ಇದೆ. ಅದು ಮುಗಿಯಲಿ, ಆಮೇಲೆ ನೋಡೋಣ.

— ಅವಳ ತಾಯಿ


ಏಪ್ರಿಲ್ 22

ಅಮ್ಮಾ,

ಮುಗಿಯಲಿ ಅಂತ ಬರೆದಿದ್ದೀರಿ. ಏನು ಮುಗಿಯಲಿ?

ನೀರಿನಲ್ಲೇ ಬಿದ್ದವಳನ್ನು ಮತ್ತೆ ಏಳು ತಿಂಗಳು ನೀರಿಗೆ ಕಳಿಸಿದ್ದೀರಿ. ಬೀಸುವ ದೊಣ್ಣೆ ಒಮ್ಮೆ ತಪ್ಪಿದೆ. ನನ್ನವನಿಗೂ ಒಮ್ಮೆ ತಪ್ಪಿತ್ತು.

ನನ್ನ ಮಗನನ್ನು ಹಿಡಿದುಕೊಳ್ಳಲು ಆಗದಿದ್ದರೆ ಬಿಡಿ. ನಿಜವನ್ನೇ ಹೇಳಿ. ಹೆತ್ತವಳು ಕೆಟ್ಟವಳು, ಬೇಡ ಅಂತ ಬಿಸಾಕಿ ಹೋದಳು, ಹೋಗುವಾಗ ಈ ಕಾಯಿಲೆಯನ್ನೂ ಅಂಟಿಸಿ ಹೋದಳು ಅನ್ನಿ. ಅವಳ ಸಿಟ್ಟೆಲ್ಲ ನನ್ನ ಮೇಲೆ ಬರಲಿ, ನಿಮ್ಮ ಮೇಲೆ ಒಂದು ಹನಿಯೂ ಬೀಳುವುದು ಬೇಡ. ಏನು ಬೇಕಾದರೂ ಹೇಳಿ, ಆದರೆ ಇಪ್ಪತ್ತೆಂಟರ ಒಳಗೆ ಹೇಳಿ.

ಬರುವುದಿಲ್ಲ ಅಂತ ಮಗನಾಣೆ ಇಟ್ಟಿದ್ದೆ. ಇಪ್ಪತ್ತೇಳರ ಸಂಜೆಯೊಳಗೆ ಲಾಂಡ್ರಿಗೆ ನಿಮ್ಮಿಂದ ಒಂದು ಫೋನು ಬರದಿದ್ದರೆ ಆ ಆಣೆಯನ್ನೂ ಮುರಿಯುತ್ತೇನೆ. ಆ ಈಜುಕೊಳದ ಬಾಗಿಲಲ್ಲಿ ನಿಲ್ಲುತ್ತೇನೆ. ಅವಳ ಮುಖ ನನಗೆ ಗೊತ್ತಿಲ್ಲ. ಒಳಗೆ ಹೋಗುವ ಒಂದೊಂದು ಹುಡುಗಿಯ ಕೈ ಹಿಡಿದು ನಿಲ್ಲಿಸುತ್ತೇನೆ.

— ಹೆತ್ತವಳು


ಮೇ 9

ತಂಗಿ,

ಹೀಗೆ ಕರೆದದ್ದಕ್ಕೆ ಬೇಜಾರಾಗಬೇಡಿ. ಎರಡು ವಾರದಿಂದ ಮನೆಯಲ್ಲಿ ನಿಮ್ಮ ಹೆಸರು ಅದೇ ಆಗಿದೆ.

ಫೋನಿನಲ್ಲಿ ‘ಮಾಡಿಸುತ್ತಿದ್ದೇನೆ’ ಎಂದಷ್ಟೇ ಹೇಳಿ ಇಟ್ಟುಬಿಟ್ಟೆ. ಆ ಕಡೆ ಯಂತ್ರಗಳ ಸದ್ದಿನ ನಡುವೆ ನಿಮ್ಮ ಉಸಿರು ಕೇಳಿಸುತ್ತಿತ್ತು. ಇನ್ನೊಂದು ಮಾತು ಆಡಿದ್ದರೆ ನಾನು ಅಳುತ್ತಿದ್ದೆ.

ಇಪ್ಪತ್ತೈದರಂದು ಅವಳಿಗೆ ಹೇಳಿದೆ. ನೀವು ಹೇಳಿಕೊಟ್ಟ ಸುಳ್ಳನ್ನೇ ಹೇಳಿದೆ. ನಿಜ ಹೇಳುವ ಧೈರ್ಯ ನನಗೆ ಈ ಜನ್ಮದಲ್ಲಿ ಬರುವುದಿಲ್ಲ, ಕ್ಷಮಿಸಿ. ಮರುದಿನ ಹೃದಯದ ವೈದ್ಯರ ಹತ್ತಿರ ಹೋದೆವು. ಗೆರೆ ತೆಗೆದ ಕಾಗದವನ್ನು ಅವರು ಮೂರು ಸಲ ಅಳೆದರು. ಅವಳನ್ನು ಹೊರಗೆ ಕೂರಿಸಿ, ಕಾಯಿಲೆ ಇದೆ ಎಂದು ನನಗೆ ಹೇಳಿದರು. ರಕ್ತದ ವರದಿ ನಿನ್ನೆ ಬಂತು. ನಿಮ್ಮ ಮಗನ ವರದಿಯಲ್ಲಿ ಗುರುತು ಹಾಕಿದ ಅದೇ ಜಾಗ, ಅದೇ ದೋಷ. ಇನ್ನೊಂದು ಸ್ಪರ್ಧೆಗೆ ಬಿಟ್ಟಿದ್ದರೆ ಏನಾಗುತ್ತಿತ್ತೆಂದು ಕೇಳಿದೆ. ಅವರು ಆ ಗೆರೆಯ ಕಾಗದವನ್ನು ಮಡಿಸಿ ಕಡತಕ್ಕೆ ಸೇರಿಸಿದರು.

ಮಾತ್ರೆ ಶುರುವಾಗಿದೆ. ಈಜು ನಿಂತಿದೆ. ಇಪ್ಪತ್ತೆಂಟರಂದು ಅವಳು ಕೊಳದ ಮೆಟ್ಟಿಲ ಮೇಲೆ ಬಟ್ಟೆ ಹಾಕಿಕೊಂಡೇ ಕೂತು ಸ್ಪರ್ಧೆ ನೋಡಿದಳು. ಆಮೇಲೆ ಮೂರು ದಿನ ತನ್ನ ಕೋಣೆಯಲ್ಲೇ ಊಟ ಮಾಡಿದಳು. ನಾಲ್ಕನೇ ದಿನ ಅಡುಗೆಮನೆಗೆ ಬಂದು ಕೇಳಿದಳು: “ನಂಗೊಬ್ಬ ತಮ್ಮ ಇದ್ದ ಅಂತ ಯಾಕಮ್ಮ ಒಂದು ಸಲಾನೂ ಹೇಳ್ಲಿಲ್ಲ?”

ಹೌದಲ್ಲ, ಚಿಕ್ಕಮ್ಮನ ಮಗ ಎಂದರೆ ತಮ್ಮನೇ.

ಈಗ ಅವಳು ಈಜಿಗಾಗಿ ಅಳುತ್ತಿಲ್ಲ, ಅವನಿಗಾಗಿ ಅಳುತ್ತಿದ್ದಾಳೆ. ಅವನು ಎತ್ತರ ಇದ್ದನಾ, ಏನು ಓದುತ್ತಿದ್ದ, ಸಾಯುವಾಗ ಹೆದರಿದ್ದನಾ ಎಂದು ಕೇಳುತ್ತಾಳೆ. ಅವನಿಂದಾಗಿ ನಾನು ಉಳಿದೆ, ಅವನ ಬಗ್ಗೆ ನನಗೆ ಏನೂ ಗೊತ್ತಿಲ್ಲ ಎನ್ನುತ್ತಾಳೆ. ನನಗೂ ಏನೂ ಗೊತ್ತಿಲ್ಲ. ಇನ್ನು ಇದರಲ್ಲಿ ಸುಳ್ಳು ಕಟ್ಟಲು ನನಗೆ ಮನಸ್ಸಿಲ್ಲ. ಅವನು ಹೇಗಿದ್ದ ಎಂದು ಬರೆದು ಕಳಿಸಿ. ಚಿಕ್ಕಮ್ಮನ ವಿಳಾಸ ಕೊಡು, ನಾನೇ ಬರೆಯುತ್ತೇನೆ ಎಂದೂ ಪೀಡಿಸುತ್ತಿದ್ದಾಳೆ. ಏನು ಹೇಳಲಿ?

— ಅಕ್ಕ


ಮೇ 21

ಅಕ್ಕ,

ಮೊದಲ ಪುಟ ನಿಮಗೆ. ಇನ್ನೊಂದು ಪುಟ ಬೇರೆಯಾಗಿ ಇಟ್ಟಿದ್ದೇನೆ, ಅದನ್ನು ಅವಳ ಕೈಗೆ ಕೊಡಬಹುದು. ಕೆಳಗೆ ಚಿಕ್ಕಮ್ಮ ಅಂತ ಬರೆದಿದ್ದೇನೆ.

ಅದನ್ನು ಬರೆಯಲು ಮೂರು ಸಲ ಕೂತೆ. ಮೂರು ಸಲವೂ ಬರೀ ಒಳ್ಳೆಯದೇ ಬಂತು. ಅವನು ಅಷ್ಟೇನೂ ಒಳ್ಳೆಯವನಾಗಿರಲಿಲ್ಲ. ಕೊನೆಗೆ ಭಾನುವಾರ ನಮ್ಮವರನ್ನು ಕೇಳಿದೆ, ಕೇರಂ ಆಡುವಾಗ ಅವನು ಏನೋ ಮೋಸ ಮಾಡುತ್ತಿದ್ದನಲ್ಲ, ಏನದು ಅಂತ. ಈಗ ಯಾಕೆ ಅಂದರು. ಬರೆಯಬೇಕು ಅಂದೆ. ಯಾರಿಗೆ ಅಂದರು. ಹೇಳಿಬಿಟ್ಟೆ, ಎಲ್ಲವನ್ನೂ. ಇಷ್ಟು ವರ್ಷ ಗಂಟಲಲ್ಲಿ ಇಟ್ಟುಕೊಂಡದ್ದು ಒಂದು ಲೋಟ ಟೀ ಆರುವಷ್ಟರಲ್ಲಿ ಮುಗಿದುಹೋಯಿತು.

ಅವರು ಲಿಫ್ಟ್ ಮೆಕ್ಯಾನಿಕ್. ಸಿಟ್ಟು ಬಂದರೆ ಮಾತಾಡುವವರಲ್ಲ, ಏನನ್ನಾದರೂ ಬಿಚ್ಚುತ್ತಾರೆ. ಅವತ್ತು ಫ್ಯಾನು ಇಳಿಸಿ ಬಿಚ್ಚಿ ನೆಲದ ತುಂಬ ಹರಡಿದರು. ನಾಲ್ಕು ದಿನ ಕೆಲಸದಿಂದ ಬಂದವರೇ ಅದರ ನಡುವೆ ಕೂರುತ್ತಿದ್ದರು. ಬಿಟ್ಟು ಹೋಗುತ್ತಾರೆ ಅಂತಲೇ ಅಂದುಕೊಂಡು ಅವರ ಬಟ್ಟೆಗಳಿಗೆ ಇಸ್ತ್ರಿ ಹಾಕಿ ಜೋಡಿಸಿಟ್ಟೆ. ಐದನೇ ದಿನ ಕೈ ತೊಳೆದುಕೊಂಡು ಬಂದು ಎದುರಿಗೆ ಸ್ಟೂಲು ಎಳೆದು ಕೂತರು. ಬರಿ ಅಂದರು.

ಅವರು ಹೇಳಿದ ಹಾಗೇ ಬರೆದಿದ್ದೇನೆ. ಕೇರಂನಲ್ಲಿ ಸೋಲುವ ಹಾಗಿದ್ದರೆ ಮೊಣಕೈ ತಗುಲಿಸಿ ಕಾಯಿ ಚೆಲ್ಲಾಪಿಲ್ಲಿ ಮಾಡುತ್ತಿದ್ದ. ಅಂಕಪಟ್ಟಿಯನ್ನು ಫ್ರಿಜ್ಜಿನ ತರಕಾರಿ ಡಬ್ಬದಡಿ ಬಚ್ಚಿಡುತ್ತಿದ್ದ. ಸ್ನಾನಕ್ಕೆ ಹೋಗು ಅಂತ ಮೂರು ಸಲ ಕೂಗಬೇಕಿತ್ತು, ನೀರು ಅಂದರೆ ಬೆಕ್ಕಿನ ಹಾಗೆ. ವಾರಕ್ಕೊಮ್ಮೆ ಅಪ್ಪನ ಬೆನ್ನಿಗೆ ಬೆನ್ನು ಕೊಟ್ಟು ನಿಂತು ಎತ್ತರ ನೋಡುತ್ತಿದ್ದ. ಕೊನೆಗೆ ಎರಡು ಬೆರಳು ಮುಂದಿದ್ದ. ಸುಳ್ಳು ಹೇಳಲು ಬರುತ್ತಿರಲಿಲ್ಲ, ನಗು ಬಂದುಬಿಡುತ್ತಿತ್ತು. ಹೆದರಿದ್ದನಾ ಅಂತ ಕೇಳಿದ್ದಾಳಲ್ಲ, ಹೆದರಲಿಲ್ಲ. ಹೊರಟಿದ್ದ ಬಸ್ಸಿಗೆ ಓಡಿ ಹತ್ತಿದ. ಕಿಟಕಿ ಪಕ್ಕದ ಸೀಟು ಸಿಕ್ಕಿತು. ಹತ್ತಲಾಗದೆ ಕೆಳಗೆ ಉಳಿದ ಗೆಳೆಯನಿಗೆ ಹಲ್ಲು ಕಿರಿದು ನಾಲಿಗೆ ಚಾಚಿದ. ಅಷ್ಟೇ. ಹಾಗಂತ ಆ ಗೆಳೆಯನೇ ಬಂದು ಹೇಳಿದ್ದು.

ಎಲ್ಲ ಬರೆಸಿ ನಮ್ಮವರು ಎದ್ದು ಬಾಗಿಲ ತನಕ ಹೋಗಿ ನಿಂತರು. “ಮಾತ್ರೆ ತಪ್ಪಿಸ್ಬೇಡ ಅಂತ ಬರಿ. ಚಿಕ್ಕಪ್ಪ ಹೇಳಿದ್ರು ಅಂತ ಬರಿ” ಅಂದರು.

ಅದನ್ನೂ ಬರೆದಿದ್ದೇನೆ.

ವಿಳಾಸ ಕೊಡಬೇಡಿ. ಚಿಕ್ಕಮ್ಮನ ಜಗಳ ಇನ್ನೂ ಆರಿಲ್ಲ ಅನ್ನಿ, ಹಟಮಾರಿ ಹೆಂಗಸು ಅನ್ನಿ. ನೀವೂ ಇನ್ನು ಉತ್ತರ ಬರೆಯಬೇಡಿ. ಅವಳಿಗೆ ಇದು ಇದೆಯೋ ಇಲ್ಲವೋ ಗೊತ್ತಿಲ್ಲದಿದ್ದಾಗ ಅವಳು ಬದುಕಿದ್ದರೆ ಸಾಕು ಅಂದುಕೊಂಡಿದ್ದೆ. ಆ ದೇವರಾಣೆ, ಅಷ್ಟೇ ಸಾಕಿತ್ತು. ಈಗ ಅವಳು ಬದುಕಿದ್ದಾಳೆ, ತಮ್ಮ ಅನ್ನುತ್ತಾಳೆ, ಅಡುಗೆಮನೆಗೆ ಬಂದು ನಿಲ್ಲುತ್ತಾಳೆ. ನಿಮ್ಮ ಊರಿಗೆ ಹೋಗುವ ಬಸ್ಸು ಬೆಳಿಗ್ಗೆ ಆರೂ ಕಾಲಿಗೆ ನಮ್ಮ ಲಾಂಡ್ರಿಯ ಮುಂದಿನಿಂದಲೇ ಹೊರಡುತ್ತದೆ. ಇನ್ನೊಂದು ಪತ್ರ ಬಂದರೆ ನಾನು ಹತ್ತಿಬಿಡುತ್ತೇನೆ ಅಕ್ಕ.

— ತಂಗಿ